ಅತ್ತೆಯ ಕೈ ಮುರಿದಿದೆ, ಯಾವ ಕ್ಯಾಲ್ಸಿಯಂ ಮಾತ್ರೆ ಕೊಡಲಿ?

ಅತ್ತೆಗೆ 70 ವರ್ಷ, ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಾರೆ, ಪ್ಲಾಸ್ಟರ್ ಹಾಕಿಸಿದ್ದೀರಿ, ಬೇಗ ಕೂಡಿಕೊಳ್ಳೋಕೆ ಒಳ್ಳೆ ಕ್ಯಾಲ್ಸಿಯಂ ಯಾವುದು ಅಂತ ಕೇಳಿದ್ದೀರಿ. ನಮ್ಮಮ್ಮನ ಮಣಿಕಟ್ಟೂ ಹೀಗೇ ಮುರಿದಿತ್ತು, ಚೆನ್ನಾಗೇ ಕೂಡಿಕೊಂಡಿತು. ಎರಡು ವರ್ಷಕ್ಕೆ ಸೊಂಟ ಮುರಿಯಿತು.

ಮೊದಲ ಸಲ ಬಿದ್ದಾಗ ನಾನು ತಪ್ಪು ಹೊರಿಸಿದ್ದು ಬಚ್ಚಲಿನ ಮೇಲೆ. ಸೋಪಿನ ನೀರು, ನುಣ್ಣನೆ ಟೈಲ್ಸು, ಬೀಳದೆ ಇನ್ನೇನು ಅಂದುಕೊಂಡೆ. ಕೀಳಿಸಿ ಒರಟು ಟೈಲ್ಸ್ ಹಾಕಿಸಿದೆ, ಗೋಡೆಗೆ ಹಿಡಿಕೆ ಹೊಡೆಸಿದೆ, ನಾಲ್ಕು ಜನರನ್ನ ಕೇಳಿ ಕ್ಯಾಲ್ಸಿಯಂ ಮಾತ್ರೆನೂ ತಂದೆ. ಮೂಳೆ ಯಾಕೆ ಮುರೀತು ಅಂತ ಮಾತ್ರ ಯಾರನ್ನೂ ಕೇಳಲಿಲ್ಲ. ಎಲ್ಲರೂ ಬೀಳ್ತಾರೆ, ಬರೀ ನಿಂತಲ್ಲಿಂದ ಬಿದ್ದು ಮೂಳೆ ಮುರೀತು ಅಂದ್ರೆ ಮೊದಲು ಅನುಮಾನ ಪಡಬೇಕಾದ್ದು ಮೂಳೆ ಮೇಲೆ. ಸುಳಿವು ಮನೆಯಲ್ಲೇ ಇತ್ತು. "ಈಚೆಗೆ ಯಾವ ಸೀರೆ ಉಟ್ಟರೂ ನೆಲ ಗುಡಿಸುತ್ತೆ" ಅಂತ ಅಮ್ಮ ಗೊಣಗ್ತಿದ್ದರು. ಸೀರೆ ಉದ್ದ ಆಗಿರಲಿಲ್ಲ, ಬೆನ್ನುಮೂಳೆಗಳು ಸದ್ದಿಲ್ಲದೆ ಕುಸಿದು ಅಮ್ಮ ಗಿಡ್ಡ ಆಗಿದ್ದರು. ಇದು ಗೊತ್ತಾಗಿದ್ದು ಆಮೇಲೆ ತೆಗೆಸಿದ ಎಕ್ಸ್‌ರೇಯಲ್ಲಿ.

ಎರಡನೇ ಸಲ ಬಿದ್ದಿದ್ದು ಹಗಲಲ್ಲಿ, ಒಣ ನೆಲದ ನಡುಮನೆಯಲ್ಲಿ, ಫೋನ್ ಬಂತು ಅಂತ ತಿರುಗುವಾಗ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಗೆ ಹೊರಳಿತ್ತು. ಈ ವಯಸ್ಸಲ್ಲಿ ಕುಯ್ಯಿಸಬೇಡ, ನಾಟಿ ಕಟ್ಟು ಹಾಕಿಸು ಅಂದವರೂ ಇದ್ದರು. ಆ ಮಾತು ಕೇಳಲಿಲ್ಲ, ಪುಣ್ಯ. ತಿಂಗಳುಗಟ್ಟಲೆ ಮಲಗಿಸಿದರೆ ಬೆನ್ನು ಹುಣ್ಣು, ನ್ಯುಮೋನಿಯಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು, ಎಲ್ಲಾ ಸಾಲಾಗಿ ಬರುತ್ತೆ. ಮರುದಿನವೇ ಆಪರೇಷನ್ ಮಾಡಿ ಸೊಂಟದ ಅರ್ಧ ಕೀಲು ಬದಲಿಸಿದರು, ವಾಕರ್ ಹಿಡಿಸಿ ನಿಲ್ಲಿಸಿದರು. ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಡೆಕ್ಸಾ ಸ್ಕ್ಯಾನ್ ಆಗಿದ್ದು ಅದಾದ ಮೇಲೆ. ಅದರಲ್ಲಿ ಬರೋ ಟಿ-ಸ್ಕೋರ್ ಅನ್ನೋ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದ್ರೆ ಮೂಳೆ ಸವೆತ. ಅಮ್ಮಂದು ಮೈನಸ್ 3.4.

ಹಾಗಾಗಿ ಕ್ಯಾಲ್ಸಿಯಂ ಯಾವ ಕಂಪನಿದು ಅನ್ನೋದು ಪ್ರಶ್ನೆಯೇ ಅಲ್ಲ. ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕು, ಆದರೆ ಮೂಳೆ ಸವೆಯೋದನ್ನ ತಡೆಯೋ ಔಷಧಿನೇ ಬೇರೆ. 2007ರಲ್ಲಿ ಪ್ರಕಟವಾದ ಹೊರೈಜನ್ ಅಧ್ಯಯನದಲ್ಲಿ ಸೊಂಟ ಮುರಿದು ಆಪರೇಷನ್ ಆಗಿದ್ದ 2127 ಜನ ಇದ್ದರು. ಅರ್ಧ ಜನಕ್ಕೆ ವರ್ಷಕ್ಕೊಂದು ಸಲ 5 ಮಿಲಿಗ್ರಾಂ ಝೋಲೆಡ್ರೋನಿಕ್ ಆಸಿಡ್ ಅನ್ನೋ ಅಂಥ ಔಷಧಿಯ ಡ್ರಿಪ್, ಉಳಿದವರಿಗೆ ಬರೀ ಸಲೈನು. ವಿಟಮಿನ್ ಡಿ, ಕ್ಯಾಲ್ಸಿಯಂ ಇಬ್ಬರಿಗೂ ಇತ್ತು. ಸಲೈನಿನವರಲ್ಲಿ ಶೇ. 13.9 ಜನಕ್ಕೆ ಮತ್ತೆ ಮೂಳೆ ಮುರೀತು, ಔಷಧಿಯವರಲ್ಲಿ ಶೇ. 8.6. ಸಾವೂ ಕಡಿಮೆ: ಶೇ. 13.3ರ ಬದಲು ಶೇ. 9.6. ಅಮ್ಮನಿಗೂ ಇದನ್ನೇ ಕೊಡಿಸ್ತಿದ್ದೀವಿ. ಮೊದಲ ಡ್ರಿಪ್ಪಿನ ಮಾರನೇ ದಿನ ಮೈಕೈ ನೋವು, ಜ್ವರ ಬಂತು. ಪ್ಯಾರಾಸಿಟಮಾಲ್‌ಗೆ ಇಳೀತು.

ಪ್ಲಾಸ್ಟರ್ ಬಿಚ್ಚಿಸೋಕೆ ಹೋದಾಗ ಡೆಕ್ಸಾಗೆ ಚೀಟಿ ಬರೆಸಿಕೊಳ್ಳಿ, ಬೆನ್ನಿನ ಎಕ್ಸ್‌ರೇನೂ ಕೇಳಿ. ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್, ಜೊತೆಗೆ ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಕಿಡ್ನಿ ಸೋತವರಿಗೆ ಈ ಡ್ರಿಪ್ ಕೊಡೋದಿಲ್ಲ, ಬೇರೆ ದಾರಿ ನೋಡ್ತಾರೆ. ಹಲ್ಲು ಕೀಳಿಸೋದಿದ್ದರೆ ಡ್ರಿಪ್‌ಗೆ ಮುಂಚೆಯೇ ಮುಗಿಸಿ. ಅತ್ತೆ ನುಂಗೋ ಮಾತ್ರೆಗಳನ್ನೆಲ್ಲ ಒಂದು ಕವರಿನಲ್ಲಿ ಹಾಕ್ಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ನಿದ್ದೆ ಮಾತ್ರೆ ಇದ್ದರೆ ಅದನ್ನ ಮೊದಲು, ಅದರ ಮಂಪರಲ್ಲೂ ಬೀಳ್ತಾರೆ.