ಮನೆಯ ಟೂರ್ನಮೆಂಟಿಗೆ ಪೋಕರ್ ಚಿಪ್ ಮಾಡಿಸುತ್ತಿದ್ದೇವೆ. 25, 100, 500, 1000, 5000ಕ್ಕೆ ಯಾವ ಬಣ್ಣ ಹಾಕಿಸಬೇಕು?

25ಕ್ಕೆ ಹಸಿರು, 100ಕ್ಕೆ ಕಪ್ಪು, 500ಕ್ಕೆ ನೇರಳೆ ಇರಲಿ. ಅಮೆರಿಕದ ಕ್ಯಾಸಿನೊಗಳಲ್ಲಿ ಇದೇ ರೂಢಿ, ಆಡಿ ಗೊತ್ತಿದ್ದವರಿಗೆ ಮತ್ತೆ ಹೇಳಿಕೊಡಬೇಕಿಲ್ಲ. 1000ಕ್ಕೆ ಹಳದಿ ಹಾಕಿ. 5000ಕ್ಕೆ ಕಿತ್ತಳೆ ಬೇಡ. ಮನೆಯ ಹಳದಿ ಬಲ್ಬಿನಡಿ ಅದು ಹಳದಿಯ ಪಕ್ಕದಲ್ಲೇ ಬಂದು ಕೂರುತ್ತದೆ. ತಿಳಿ ಗುಲಾಬಿ ಎದ್ದು ಕಾಣುತ್ತದೆ.

ಎಲ್ಲರೂ ಚಿಪ್ಪಿನ ಮುಖ ನೋಡಿ ಬಣ್ಣ ಆರಿಸುತ್ತಾರೆ, ಎಡವುವುದೇ ಅಲ್ಲಿ. ಆಟದಲ್ಲಿ ಚಿಪ್ಪುಗಳು ಪೇರಿಸಿಟ್ಟಿರುತ್ತವೆ, ಎದುರಿನವರಿಗೆ ಕಾಣುವುದು ಸುಮಾರು 3 ಮಿ.ಮೀ. ದಪ್ಪದ ಅಂಚು ಮಾತ್ರ. ಅಂಚಿನ ಪಟ್ಟಿಗಳು ಅಗಲವಾದರೆ ಮೂಲ ಬಣ್ಣವೇ ಮುಚ್ಚಿಹೋಗುತ್ತದೆ. ಒಂದು ಚಿಪ್ಪಿನ ಮೂಲ ಬಣ್ಣ ಇನ್ನೊಂದರ ಪಟ್ಟಿಯಾಗಲೂ ಬಾರದು: ಕಪ್ಪು ಚಿಪ್ಪಿಗೆ ಹಸಿರು ಪಟ್ಟಿ ಕೊಟ್ಟಿರೋ, 100ರ ಕಟ್ಟಿನಲ್ಲಿ ಒಂದು 25 ಸೇರಿಕೊಂಡರೂ ಗೊತ್ತಾಗುವುದಿಲ್ಲ.

ಕಡು ಹಸಿರು, ಕಡು ನೇರಳೆ ಎರಡೂ ಮಂದ ಬೆಳಕಿನಲ್ಲಿ ಕಪ್ಪಾಗಿಯೇ ಕಾಣುತ್ತವೆ. ತುಸು ತಿಳಿಯಾದ ಛಾಯೆ ಕೇಳಿ. ಮೊಬೈಲಿನ ಪರದೆ ನಂಬಿ ಆರ್ಡರ್ ಕೊಡಬೇಡಿ. ಒಂದೊಂದು ಮಾದರಿ ತರಿಸಿ, ನೀವು ಆಡುವ ಮೇಜಿನ ಮೇಲೆ, ಅದೇ ದೀಪದಡಿ ಇಟ್ಟು ಕಪ್ಪು-ಬಿಳುಪಿನಲ್ಲಿ ಫೋಟೊ ತೆಗೆಯಿರಿ. ಎರಡು ಚಿಪ್ಪು ಒಂದೇ ಬೂದು ಬಣ್ಣಕ್ಕೆ ಬಂದರೆ ಒಂದನ್ನು ಬದಲಿಸಿ. ಕೆಂಪು-ಹಸಿರು ಗುರುತಿಸಲಾಗದವರಿಗೆ ಈ ತಿಳಿ-ಗಾಢದ ವ್ಯತ್ಯಾಸವೇ ಆಧಾರ.

ಸಂಖ್ಯೆ: 10,000ದಿಂದ ಶುರುಮಾಡುವುದಾದರೆ ಒಬ್ಬರಿಗೆ 25ರದು 8, 100ರದು 8, 500ರದು 4, 1000ದ್ದು 7. ಆಮೇಲೆ ಸಣ್ಣ ಚಿಪ್ಪು ಹಿಂತೆಗೆದುಕೊಂಡು ಅದರ ಬದಲಿಗೆ ಕೊಡಲು 5000ದ್ದು ಬೇರೆ ಇಟ್ಟುಕೊಳ್ಳಿ.