ಗ್ಲೋಬಲ್ ಹೆಲ್ತ್‌ನಲ್ಲಿ ಡೇಟಾ ಕೆಲಸ ಮಾಡಲು ವಿದೇಶದಲ್ಲಿ ಎಂಪಿಎಚ್ ಮಾಡಲೇಬೇಕಾ?

ದಾವಣಗೆರೆಯಲ್ಲಿ ಎಂಎಸ್ಸಿ ಸ್ಟಾಟಿಸ್ಟಿಕ್ಸ್ ಮುಗಿಸಿ, ಸಾಲ ಮಾಡಿ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದಲು ಲಂಡನ್‌ಗೆ ಹೋಗಲಾ ಅಂತ ಕೇಳಿದ್ದೀರಿ. ನಾನೂ ಅದೇ ಊರಲ್ಲಿ ಅದನ್ನೇ ಓದಿದವನು. ಈಗಲೇ ಬೇಡ.

ನನಗೆ ಮೊದಲು ಸಿಕ್ಕಿದ್ದು ಒಂದು ಸಂಸ್ಥೆಯ ಪೌಷ್ಟಿಕತೆ ಯೋಜನೆಯ ಕೆಲಸ. ಜಗಳೂರು, ಮೊಳಕಾಲ್ಮೂರು ಕಡೆಯ ಅಂಗನವಾಡಿಗಳಿಂದ ಮಕ್ಕಳ ತೂಕ, ಎತ್ತರ ಬರುತ್ತಿತ್ತು. ಆಫೀಸಿನಲ್ಲಿ ಕೂತು ವರದಿ ಮಾಡುತ್ತಿದ್ದೆ. ಒಂದು ಬೇಸಿಗೆಯಲ್ಲಿ ಎಷ್ಟೋ ಮಕ್ಕಳ ತೂಕದ ಕಾಲಂ ಖಾಲಿ ಬಂತು. ಆ ಸಾಲುಗಳನ್ನೆಲ್ಲ ಅಳಿಸಿ ಉಳಿದವರ ಲೆಕ್ಕ ಹಾಕಿದೆ. ಕಡಿಮೆ ತೂಕದ ಮಕ್ಕಳ ಪ್ರಮಾಣ ಚೆನ್ನಾಗಿ ಇಳಿದಿತ್ತು.

ತಪ್ಪಿದ್ದು ಅಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಮಕ್ಕಳು ಅಪ್ಪ ಅಮ್ಮನ ಜೊತೆ ಗುಳೆ ಹೋಗಿದ್ದರು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವವರು ಯಾರು? ಜಮೀನಿಲ್ಲದವರು, ಮನೆಯಲ್ಲಿ ಕಾಳಿಲ್ಲದವರು. ಜಾಸ್ತಿ ಸೊರಗಿರುವುದು ಅವರ ಮಕ್ಕಳೇ. ಅವರನ್ನು ಲೆಕ್ಕದಿಂದ ತೆಗೆದರೆ, ಒಂದು ಮಗುವಿನ ತೂಕವೂ ಏರದೆ ಊರೇ ಸುಧಾರಿಸಿದಂತೆ ಕಾಣುತ್ತದೆ. ಸಾಲು ಅಳಿಸುವ ಮೊದಲು ಅದು ಯಾಕೆ ಖಾಲಿ ಅಂತ ಒಂದು ಫೋನ್ ಮಾಡಿ ಕೇಳಬೇಕಿತ್ತು. ನನ್ನ ವರದಿ ನಂಬಿ ಹೆಚ್ಚುವರಿ ಆಹಾರವನ್ನು ಬೇರೆ ಕಡೆಗೆ ಕಳಿಸಿದರು. ಮಕ್ಕಳು ಊರಿಗೆ ವಾಪಸ್ ಬಂದಾಗ ಕೊಡಲು ಏನೂ ಇರಲಿಲ್ಲ. ನನ್ನ ಕೆಲಸವೂ ಹೋಯಿತು, ಆದರೆ ಈಗಲೂ ನೋಯಿಸುವುದು ಆ ಆಹಾರದ ವಿಷಯ.

ಆಮೇಲೆ ಒಬ್ಬ ಅಂಗನವಾಡಿ ಟೀಚರ್ ತಮ್ಮ ರಿಜಿಸ್ಟರ್ ತೆರೆದು ತೋರಿಸಿದರು. ಖಾಲಿ ಇದ್ದ ಪ್ರತಿ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಬರೆದಿತ್ತು: ಕಾಫಿ ತೋಟ, ಬೆಂಗಳೂರು, ಕಾಫಿ ತೋಟ. ನಮ್ಮ ಆ್ಯಪ್‌ನಲ್ಲಿ ಅದನ್ನು ತುಂಬಲು ಜಾಗವೇ ಇರಲಿಲ್ಲ. "ಕೇಳಿದ್ರೆ ಹೇಳ್ತಿದ್ದೆ ಸಾರ್" ಅಂದರು.

ಗ್ಲೋಬಲ್ ಹೆಲ್ತ್ ಅಂದರೆ ವಿದೇಶದ ಡಿಗ್ರಿ ಅಂತ ನೀವು ಅಂದುಕೊಂಡಿದ್ದೀರಲ್ವಾ, ಅದನ್ನೇ ನಾನು ಒಪ್ಪುವುದಿಲ್ಲ. ಓಸ್ಲೋ ವಿಶ್ವವಿದ್ಯಾಲಯದವರು ಬೆಳೆಸಿದ ಡಿಎಚ್‌ಐಎಸ್2 ಎಂಬ, ಆರೋಗ್ಯದ ಅಂಕಿಅಂಶ ಸಂಗ್ರಹಿಸುವ ಸಾಫ್ಟ್‌ವೇರನ್ನು ಆಫ್ರಿಕಾ, ಏಷ್ಯಾದ ಎಷ್ಟೋ ದೇಶಗಳ ಆರೋಗ್ಯ ಇಲಾಖೆಗಳು ಬಳಸುತ್ತವೆ. ಅಲ್ಲೂ ಬಹುಪಾಲು ಅಂಕಿಗಳು ಹುಟ್ಟುವುದು ಇಂಥ ರಿಜಿಸ್ಟರಿನಲ್ಲೇ. ಡಿಎಚ್‌ಐಎಸ್2, ಅಂಕಿಅಂಶ ಲೆಕ್ಕ ಹಾಕುವ ಆರ್ (R) ಸಾಫ್ಟ್‌ವೇರ್ ಎರಡೂ ಪುಕ್ಕಟೆ ಸಿಗುತ್ತವೆ, ಮನೆಯಲ್ಲೇ ಕಲಿಯಿರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಜಿಲ್ಲೆಯ ಪುಟಗಳನ್ನು ಓದಿ.

ಆದರೆ ಅದಕ್ಕೂ ಮೊದಲು, ತೂಕ ಮಾಡುವ ದಿನ ಟೀಚರನ್ನು ಕೇಳಿಕೊಂಡು ಒಂದು ಅಂಗನವಾಡಿಯಲ್ಲಿ ಕೂತು ನೋಡಿ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು. ನಿಲ್ಲಿಸಿ ಅಳೆದರೆ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತದೆ. ಗಡಿಯ ಹತ್ತಿರವಿರುವ ಮಗು ಅಷ್ಟಕ್ಕೇ ಕುಂಠಿತ ಬೆಳವಣಿಗೆಯ ಪಟ್ಟಿಗೆ ಸೇರಿಬಿಡಬಹುದು. ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಹೊತ್ತು ನೋಡಿದರೂ ಅದು ಗೊತ್ತಾಗುವುದಿಲ್ಲ.