ಭಾನುವಾರ ಸಂಜೆಯ ಹೊಟ್ಟೆನೋವು

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಆಪ್ತಸಲಹೆಗೆಂದು ನನ್ನ ಹತ್ತಿರ ಬಂದ ಇವರಿಗೆ 46 ವರ್ಷ. ಉಡುಪಿ ಜಿಲ್ಲೆಯಲ್ಲಿ, ಘಟ್ಟದ ಬುಡದ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಟೀಚರ್. ಭಾನುವಾರ ಸಂಜೆಯಾದರೆ ಹೊಟ್ಟೆ ಕಿವುಚುತ್ತದೆ, ರಾತ್ರಿ ನಿದ್ದೆ ಇಲ್ಲ. ಡಾಕ್ಟರು ಪರೀಕ್ಷೆ ಮಾಡಿಸಿ ಏನೂ ಇಲ್ಲ ಅಂದಿದ್ದರು.

ಜೊತೆಗಿದ್ದ ಶಿಕ್ಷಕರಿಗೆ ವರ್ಗಾವಣೆಯಾಗಿತ್ತು. ಈಗ 38 ಮಕ್ಕಳಿಗೆ ಇವರು, ಮತ್ತೊಬ್ಬ ಅತಿಥಿ ಶಿಕ್ಷಕಿ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ 60 ಮಕ್ಕಳ ತನಕ ಇಬ್ಬರು ಸಾಕು. ಆದರೆ ತರಗತಿ ಐದು, ಅಲ್ವಾ? ಕಾಗದದ ಮೇಲೆ ಈ ಕೊರತೆ ಕಾಣುವುದೇ ಇಲ್ಲ.

ನಿಜವಾದ ವಿಷಯ ಬಂದದ್ದು ಎರಡನೇ ಭೇಟಿಯಲ್ಲಿ, ಎದ್ದು ಹೊರಡುವಾಗ. ನಲಿಕಲಿಯ (ಚಿಕ್ಕ ತರಗತಿಗಳನ್ನು ಒಟ್ಟಿಗೆ ಕೂರಿಸಿ ಚಟುವಟಿಕೆಯಿಂದ ಕಲಿಸುವ ಪದ್ಧತಿ) ಒಬ್ಬ ಹುಡುಗ ಪದೇ ಪದೇ ಕರೆದನೆಂದು ಅವನ ಕೈಗೆ ಸ್ಕೇಲಿನಿಂದ ಹೊಡೆದಿದ್ದರು. 22 ವರ್ಷದಲ್ಲಿ ಮೊದಲ ಸಲ. ಮರುದಿನ ಅವನೇ ಅಬ್ಬಲಿಗೆ ಮಾಲೆ ತಂದುಕೊಟ್ಟನಂತೆ. "ನಾನು ಟೀಚರ್ ಆಗೋಕೆ ಲಾಯಕ್ಕಿಲ್ಲ" ಎಂದು ಅತ್ತರು.

ಒಂದು ವಾರ ಗಂಟೆ ಗಂಟೆಗೆ ಮಾಡಿದ ಕೆಲಸ ಬರೆಯಿರಿ ಅಂದೆ. ಹಾಲು, ಮೊಟ್ಟೆ ಲೆಕ್ಕ, ಆನ್‌ಲೈನ್ ಹಾಜರಾತಿ, ಅರ್ಜೆಂಟ್ ಮಾಹಿತಿ ಕೇಳುವ ವಾಟ್ಸಾಪ್ ಗುಂಪುಗಳು. ಮಳೆ ರಜೆಗೆ ಬದಲಾಗಿ ಶನಿವಾರ ಮಧ್ಯಾಹ್ನವೂ ಪಾಠ. ಪುಸ್ತಕ ತಿರುವಿ ಅವರೇ ನಕ್ಕರು: "ಇದರಲ್ಲಿ ಪಾಠ ಎಲ್ಲಿದೆ ಮಾರಾಯ್ರೇ?"

ಪ್ರಾಣಾಯಾಮ ಮಾಡಿ ಎಂದು ನಾನು ಹೇಳಲಿಲ್ಲ. ಖಾಲಿ ಹುದ್ದೆಯನ್ನು ಉಸಿರಾಟದಿಂದ ತುಂಬೋಕಾಗುತ್ತಾ? ಹೊಡೆದದ್ದು ನಿಮ್ಮ ತಪ್ಪು, ಕಾನೂನಿನಲ್ಲೂ ತಪ್ಪು. ಹುಡುಗನ ಹತ್ತಿರ, ಅವನ ಮನೆಯವರ ಹತ್ತಿರ ಸಾರಿ ಕೇಳಿ. ಹುದ್ದೆ ಖಾಲಿ ಇರುವುದು ನಿಮ್ಮ ತಪ್ಪಲ್ಲ, ಅದನ್ನು ಒಬ್ಬರೇ ಹೊರಬೇಡಿ ಅಂದೆ. ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಿರ್ಣಯ ಮಾಡಿಸಿ, ಪೋಷಕರ ಸಹಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಕಳಿಸಲಿ. ಮೊದಲ ಎರಡು ಪಿರಿಯಡ್ ಫೋನ್ ಬೀರುವಿನಲ್ಲಿರಲಿ. ಮಧ್ಯಾಹ್ನ ಕೂತು ಊಟ ಮಾಡಿ, ನಿಂತಲ್ಲ. ನಿದ್ದೆ ಮರಳದಿದ್ದರೆ ಮನೋವೈದ್ಯರನ್ನು ನೋಡೋಣ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಇದೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಎರಡು ತಿಂಗಳಾಯಿತು. ಹುದ್ದೆ ಇನ್ನೂ ಖಾಲಿ. ಹೊಟ್ಟೆನೋವು ಸ್ವಲ್ಪ ಕಡಿಮೆ, ಪೂರ್ತಿ ಹೋಗಿಲ್ಲ. ಸಾರಿ ಕೇಳಿದಾಗ ಹುಡುಗ ಏನಂದ ಎಂದು ವಿಚಾರಿಸಿದೆ.

"ಆಯ್ತು ಟೀಚರೇ, ಇವತ್ತು ಮೊಟ್ಟೆ ಉಂಟಾ?" ಅಂದನಂತೆ.